ಬ್ರಾಯ್ಲರ್ ಎಂಬ ಒಂದು ಪದ

ಪ್ರಶ್ನೆ: ಜರ್ಮನಿ 40 ವರ್ಷ ಎರಡು ದೇಶವಾಗಿತ್ತು. ಆಗ ಅವರ ಭಾಷೆಯೂ ಎರಡಾಯಿತಾ? ಮಾತು ಕೇಳಿ ಯಾರು ಯಾವ ಕಡೆಯವರು ಅಂತ ಈಗಲೂ ಹೇಳಬಹುದಾ?

ಉತ್ತರ: ಎರಡಾಗಲಿಲ್ಲ. ವ್ಯಾಕರಣಕ್ಕೆ ಏನೂ ಆಗಲಿಲ್ಲ. ಬೇರೆಯಾದದ್ದು ಒಂದಷ್ಟು ಪದ, ಅಷ್ಟೇ. ಆದರೆ ಅಷ್ಟು ಸಾಕಿತ್ತು ಅನ್ನೋದನ್ನು ನಾನು ಹಿಂದೆ ಪೂರ್ವ ಜರ್ಮನಿಗೆ ಸೇರಿದ್ದ ಲೈಪ್ಸಿಗ್‌ನಲ್ಲಿ ಓದುತ್ತಿದ್ದಾಗ ಕಣ್ಣಾರೆ ಕಂಡೆ.

ನಾನಿದ್ದ ಮನೆಯ ಒಡತಿ ಅದೇ ಊರಲ್ಲಿ ಹುಟ್ಟಿ ಬೆಳೆದವರು. ಸುಟ್ಟ ಕೋಳಿಗೆ ಅವರು ಬ್ರಾಯ್ಲರ್ ಅನ್ನುತ್ತಿದ್ದರು. ಪ್ಲಾಸ್ಟಿಕ್‌ಗೆ ಪ್ಲಾಸ್ಟೆ, ಸೂಪರ್‌ಮಾರ್ಕೆಟ್‌ಗೆ ಕೌಫ್‌ಹಾಲೆ. ಬಾಹ್ಯಾಕಾಶಕ್ಕೆ ಹೋದವರು ಪಶ್ಚಿಮದಲ್ಲಿ ಆಸ್ಟ್ರೊನಾಟ್, ಪೂರ್ವದಲ್ಲಿ ಕಾಸ್ಮೊನಾಟ್. ಒಮ್ಮೆ ಪಶ್ಚಿಮದ ಕಲೋನ್‌ನಿಂದ ಅವರ ನೆಂಟರು ಬಂದಿದ್ದರು. ಊಟಕ್ಕೆ ಕೂತಾಗ ಈಕೆ 'ಬ್ರಾಯ್‌' ಅಂತ ಶುರು ಮಾಡಿ, ತಡೆದು, 'ಹೇನ್‌ಶೆನ್' ಅಂದರು. ಅದು ಪಶ್ಚಿಮದ ಪದ. ಯಾರೂ ಅವರನ್ನು ತಿದ್ದಿರಲಿಲ್ಲ. ತಾವೇ ತಿದ್ದಿಕೊಂಡರು. ನನಗೆ ಅನ್ನ ಇಳಿಯಲಿಲ್ಲ.

ಎಲ್ಲ ವ್ಯತ್ಯಾಸವನ್ನೂ ಎರಡು ಕಡೆಯವರನ್ನು ಬೇರ್ಪಡಿಸಿದ್ದ ಬರ್ಲಿನ್ ಗೋಡೆಯ ತಲೆಗೆ ಕಟ್ಟಬಾರದು. ಲೈಪ್ಸಿಗ್‌ನಲ್ಲಿ 'ಫಿರ್ಟೆಲ್ ಫೀರ್' ಅಂದರೆ ಮೂರೂಕಾಲು, ನಾಲ್ಕನೇ ಗಂಟೆಯಲ್ಲಿ ಕಾಲು ಭಾಗ ಕಳೆದಿದೆ ಅಂತ ಲೆಕ್ಕ. ಅದು ತಿಳಿಯದೆ ನಾನು ಒಬ್ಬರನ್ನು ಒಂದು ಗಂಟೆ ಕಾಯಿಸಿದ್ದೆ. ಇದು ಪೂರ್ವದವರ ಪದ್ಧತಿ ಅಂತ ತುಂಬಾ ಜನ ಹೇಳುತ್ತಾರೆ. ಆದರೆ ಇದು ಗೋಡೆಗಿಂತ ಎಷ್ಟೋ ಹಳೆಯದು, ನೈಋತ್ಯ ಜರ್ಮನಿಯಲ್ಲೂ ಕೇಳಿಸುತ್ತದೆ.

ಭಾಷೆ ಒಡೆಯಲಿ ಅಂತ ಬಯಸಿದವರೂ ಇದ್ದರು. ಜರ್ಮನ್ನರ ಮನೆಮಾತಾದ ನಿಘಂಟು ಡೂಡೆನ್ 1950ರ ದಶಕದಿಂದ ಎರಡು ಕಡೆ ಬರತೊಡಗಿತು, ಲೈಪ್ಸಿಗ್‌ನಲ್ಲೊಂದು, ಮಾನ್‌ಹೈಮ್‌ನಲ್ಲೊಂದು. ಹಿಂದೆ ಒಂದಾಗಿದ್ದ ಭಾಷೆಯೂ ಕರಗಿ ಹೋಗುತ್ತಿದೆ ಅಂತ ಪೂರ್ವದ ನಾಯಕ ವಾಲ್ಟರ್ ಉಲ್ಬ್ರಿಕ್ಟ್ 1970ರಲ್ಲಿ ಹೇಳಿದರು. 1974ರಲ್ಲಿ ಅಲ್ಲಿನ ಸಂವಿಧಾನದಿಂದ 'ಜರ್ಮನ್ ರಾಷ್ಟ್ರ' ಎಂಬ ಮಾತನ್ನೇ ತೆಗೆದುಹಾಕಿದರು. ತಮ್ಮದೇ ರಾಷ್ಟ್ರಗೀತೆಯನ್ನು ಹಾಡುವುದನ್ನೂ ಬಿಟ್ಟು ಬರೀ ವಾದ್ಯದಲ್ಲಿ ನುಡಿಸತೊಡಗಿದರು. ಯಾಕೆಂದರೆ ಅದರಲ್ಲಿ 'ಜರ್ಮನಿ, ಒಂದಾದ ತಾಯ್ನಾಡು' ಎಂಬ ಸಾಲಿತ್ತು.

ಆದರೂ ಭಾಷೆ ಒಡೆಯಲಿಲ್ಲ. ಅದಕ್ಕೆ ದೊಡ್ಡ ಕಾರಣ ಟಿವಿ ಅಂತ ನನ್ನ ಅನಿಸಿಕೆ. ಗೋಡೆ ಜನರನ್ನು ತಡೆಯಿತು, ಆಂಟೆನಾವನ್ನು ತಡೆಯಲಿಲ್ಲ. ಪೂರ್ವದ ಹೆಚ್ಚಿನ ಮನೆಗಳಲ್ಲಿ ಸಂಜೆ ಪಶ್ಚಿಮದ ವಾರ್ತೆ ಕೇಳುತ್ತಿತ್ತು. ಡ್ರೆಸ್ಡೆನ್ ಸುತ್ತ ಮತ್ತು ಈಶಾನ್ಯದ ಮೂಲೆಯಲ್ಲಿ ಮಾತ್ರ ಆ ಅಲೆಗಳು ಸರಿಯಾಗಿ ಮುಟ್ಟುತ್ತಿರಲಿಲ್ಲ. ಅದಕ್ಕೇ ಆ ಜಾಗಗಳಿಗೆ 'ಏನೂ ತಿಳಿಯದವರ ಕಣಿವೆ' ಅಂತ ಹೆಸರು ಬಿತ್ತು.

ಪ್ರಶ್ನೆ: ಹಾಗಾದರೆ ಒಂದಾದ ಮೇಲೆ ಈ ನೋವು ಯಾಕೆ?

ಉತ್ತರ: ಕಲಿಯುವ ಕೆಲಸವೆಲ್ಲ ಒಂದೇ ಕಡೆಯವರ ಮೇಲೆ ಬಿತ್ತು, ಅದಕ್ಕೆ. 1990ರ ಅಕ್ಟೋಬರ್ 3ರಂದು ದೇಶ ಒಂದಾಯಿತು. ಪಶ್ಚಿಮದವರ ದಿನದ ಮಾತು ಹೇಗಿತ್ತೋ ಹಾಗೇ ಇತ್ತು. ಪೂರ್ವದವರಿಗೆ ತೆರಿಗೆ, ವಿಮೆ, ಕೆಲಸದ ಅರ್ಜಿ, ಎಲ್ಲದರಲ್ಲೂ ಹೊಸ ಪದ. 1991ರಲ್ಲಿ ಡೂಡೆನ್ ಮತ್ತೆ ಒಂದಾಯಿತು. ಅದೇ ವರ್ಷದ ಪದವಾಗಿ ಆಯ್ಕೆಯಾದದ್ದು 'ಬೆಸ್ಸರ್‌ವೆಸ್ಸಿ', ಅಂದರೆ ಎಲ್ಲ ತನಗೇ ಗೊತ್ತು ಅನ್ನುವ ಪಶ್ಚಿಮದವನು. ಆ ಪದ ಹುಟ್ಟಿದ್ದು ಸುಮ್ನೆ ಅಲ್ಲ.

ಪೂರ್ವದವರು ಕೆಲವನ್ನು ಬಿಟ್ಟುಕೊಡಲಿಲ್ಲ. ಸಿಗ್ನಲ್ ದೀಪದಲ್ಲಿ ಟೊಪ್ಪಿ ಹಾಕಿಕೊಂಡು ನಡೆಯುವ ಪುಟ್ಟ ಮನುಷ್ಯನನ್ನು 1961ರಲ್ಲಿ ಕಾರ್ಲ್ ಪೆಗ್ಲಾವ್ ರೂಪಿಸಿದ್ದರು. ಅವನನ್ನು ತೆಗೆಯಲು ಹೊರಟಾಗ ಜನ ಗಟ್ಟಿಯಾಗಿ ಎದ್ದು ನಿಂತರು, ಅವನು ಉಳಿದ. 14ರ ಆಸುಪಾಸಿನ ಮಕ್ಕಳನ್ನು ದೊಡ್ಡವರ ಸಾಲಿಗೆ ಸೇರಿಸುವ 'ಯೂಗೆಂಡ್‌ವೈಹೆ' ಸಮಾರಂಭವೂ ನಿಂತಿಲ್ಲ. ಚರ್ಚಿನ ಆಚರಣೆಗೆ ಬದಲಾಗಿ ಅದನ್ನು ಸರ್ಕಾರವೇ ಹೇರಿತ್ತು. ಈಗ ಹೇರುವವರು ಯಾರೂ ಇಲ್ಲ, ಜನ ಮಾಡುತ್ತಲೇ ಇದ್ದಾರೆ.

ಅವತ್ತು ನೆಂಟರು ರೈಲು ಹತ್ತಿದ ಮೇಲೆ ನಮ್ಮ ಮನೆಯೊಡತಿ ನನ್ನ ಬಾಗಿಲು ತಟ್ಟಿದರು. ಕೈಯಲ್ಲಿ ಮುಚ್ಚಿದ ತಟ್ಟೆ. 'ಬ್ರಾಯ್ಲರ್ ಉಳಿದಿದೆ, ತಿಂತೀಯಾ?' ಅಂದರು.