ಫ್ರೀ ಟೋಯಿಂಗ್ ಅಂದ್ರು, ದಾರಿಯಲ್ಲಿ ದುಡ್ಡು ಕೇಳಿದ್ರು

ಮಳೆ ಶುರುವಾದ್ಮೇಲೆ ಬಂದ ಪ್ರಶ್ನೆಗಳಲ್ಲಿ ಸುಮಾರು ಗಾಡಿ ಕೆಟ್ಟು ನಿಂತದ್ದರ ಬಗ್ಗೆಯೇ ಉಂಟು. ಹಾಗಾಗಿ ಈ ಸಲ ಬೇರೆಲ್ಲ ಬದಿಗಿಟ್ಟು ರೋಡ್‌ಸೈಡ್ ಅಸಿಸ್ಟೆನ್ಸ್ (ದಾರಿಯಲ್ಲಿ ಗಾಡಿ ಕೆಟ್ರೆ ಬಂದು ಸಹಾಯ ಮಾಡುವ ಸೇವೆ), ಟೋಯಿಂಗ್ (ಕೆಟ್ಟ ಗಾಡಿಯನ್ನು ಎಳ್ಕೊಂಡು ಹೋಗುದು) ವಿಷಯ ಮಾತ್ರ ತಗೊಂಡಿದ್ದೇನೆ.

ಪ್ರಶ್ನೆ: ಬೆಂಗಳೂರಿಂದ ಬರುವಾಗ ರಾತ್ರಿ ಗುಂಡ್ಯದ ಹತ್ರ ಕಾರಿನ ಕ್ಲಚ್ ಹೋಯ್ತು. ಜೊತೆಗೆ ಅಮ್ಮ, ಹೆಂಡ್ತಿ, ಸಣ್ಣ ಮಗು. ಕಾರು ತಗೊಳ್ಳುವಾಗ್ಲೇ ದುಡ್ಡು ಕೊಟ್ಟು ಅಸಿಸ್ಟೆನ್ಸ್ ಪ್ಲ್ಯಾನ್ ಮಾಡಿಸಿದ್ದೆ, ಟೋಯಿಂಗ್ ಫ್ರೀ ಅಂತಲೇ ಹೇಳಿದ್ರು. ಫೋನ್ ಮಾಡಿದ್ರೆ ಒಂದು ಗಂಟೆ ಅಂದ್ರು, ಮತ್ತೆ ಒಂದು ಗಂಟೆ ಅಂದ್ರು, ಗಾಡಿ ಬರುವಾಗ ಬೆಳಗಾಗಿತ್ತು. ಬಂದವ ಮಂಗಳೂರಿಗೆ ಬಿಡ್ಲಿಕ್ಕೆ 6,000 ರೂಪಾಯಿ ಕೇಳಿದ, ಪ್ಲ್ಯಾನಲ್ಲಿ ಫ್ರೀ ಕಿಲೋಮೀಟರ್ ಮುಗೀತದಂತೆ. ಬೇರೆ ದಾರಿ ಇಲ್ದೆ ಕೊಟ್ಟೆ. ವಾಪಸ್ ಕೇಳ್ಬಹುದಾ?
– ಕುಂದಾಪುರದ ಓದುಗರು

ಉತ್ತರ: ಕೇಳ್ಬಹುದು, ಕೇಳ್ಲೇಬೇಕು. ಎಷ್ಟು ಸಿಗ್ತದೆ ಅನ್ನೋದು ಪ್ಲ್ಯಾನಿನ ಷರತ್ತು ನೋಡಿ ತೀರ್ಮಾನ ಆಗುವಂಥದ್ದು, ಆದ್ರೆ ಅದನ್ನು ಅವರು ಫೋನಲ್ಲಿ ಬಾಯಿಮಾತಲ್ಲಿ ಮುಗಿಸ್ಲಿಕ್ಕೆ ಬಿಡ್ಬೇಡಿ.

ಮೊದ್ಲು ಈ ವ್ಯವಸ್ಥೆ ಹೇಗೆ ನಡೀತದೆ ಅಂತ ಗೊತ್ತಿರ್ಲಿ. ನೀವು ಫೋನ್ ಮಾಡುವ ಕಾಲ್ ಸೆಂಟರ್ ಎಲ್ಲೋ ದೂರದ ಊರಲ್ಲಿ ಇರ್ತದೆ, ಅವರ ಹತ್ರ ಸ್ವಂತ ಟೋಯಿಂಗ್ ಗಾಡಿ ಸಾಧಾರಣ ಇರುದಿಲ್ಲ, ಆಯಾ ಊರಿನ ಕ್ರೇನ್‌ನವರ ಜೊತೆ ಟ್ರಿಪ್ಪಿಗೆ ಇಷ್ಟು ಅಂತ ಒಪ್ಪಂದ ಇರ್ತದೆ ಅಷ್ಟೆ. ಉಡುಪಿ, ಮಂಗಳೂರು ಪೇಟೆಯಲ್ಲಿ ಇಂಥವರು ಬೇಗ ಸಿಗ್ತಾರೆ. ಗುಂಡ್ಯ, ಶಿರಾಡಿ ಘಾಟಿಯಲ್ಲಿ ರಾತ್ರಿ ಹೊತ್ತು ಮಳೆಗೆ ಸಿಗೋದು ಕಷ್ಟ, ಕೆಳಗಿಂದ ಬರ್ಬೇಕು ಇಲ್ಲಾ ಸಕಲೇಶಪುರ ಕಡೆಯಿಂದ ಇಳೀಬೇಕು, ಕಂಪನಿ ಕೊಡುವ ರೇಟಿಗೆ ಹೊರಡ್ಲಿಕ್ಕೆ ಯಾರೂ ಒಪ್ಪುದಿಲ್ಲ, ಅಲ್ಲಿಗೆ ನಿಮ್ಮ ಒಂದು ಗಂಟೆ ನಾಲ್ಕಾಗ್ತದೆ. ಬಂದ ಡ್ರೈವರ್ ಮೇಲೆ ಸಿಟ್ಟು ತೋರಿಸಿ ಉಪಯೋಗ ಇಲ್ಲ, ನಿದ್ದೆಗೆಟ್ಟು ಘಾಟಿ ಹತ್ತಿ ಬಂದವ ಅವ. ಮಾತು ಕೊಟ್ಟದ್ದು, ದುಡ್ಡು ತಗೊಂಡದ್ದು ಕಂಪನಿ, ಉತ್ತರ ಕೊಡ್ಬೇಕಾದ್ದೂ ಅವರೇ. ಮಗು, ವಯಸ್ಸಾದವರು ಇದ್ದಾರೆ ಅಂತ ಹೇಳಿದ್ಮೇಲೂ ಸುಳ್ಳು ಸಮಯ ಹೇಳ್ತಾ ಕೂತದ್ದು ನನಗೆ ಹಣಕ್ಕಿಂತ ದೊಡ್ಡ ತಪ್ಪು ಅನ್ನಿಸ್ತದೆ. ಆಗುದಿಲ್ಲ ಅಂತ ಮೊದ್ಲೇ ಹೇಳಿದ್ರೆ ನೀವು ನೆಲ್ಯಾಡಿಯಿಂದಲೋ ಉಪ್ಪಿನಂಗಡಿಯಿಂದಲೋ ಯಾರನ್ನಾದ್ರೂ ಕರೆಸ್ತಿದ್ರಿ.

ಈಗ ಷರತ್ತಿನ ಕಾಗದ ತೆಗೀರಿ. ಫ್ರೀ ಕಿಲೋಮೀಟರನ್ನು ಗಾಡಿ ನಿಂತ ಜಾಗದಿಂದ ಲೆಕ್ಕ ಹಾಕ್ತಾರಾ, ಟೋಯಿಂಗ್ ಗಾಡಿ ಹೊರಟ ಜಾಗದಿಂದ ಹೋಗಿ ಬರುವ ಲೆಕ್ಕವಾ? ಗುಂಡ್ಯದಿಂದ ಮಂಗಳೂರಿಗೇ 80 ಕಿ.ಮೀ. ಹತ್ರ ಉಂಟು, 50 ಕಿ.ಮೀ. ಫ್ರೀ ಇದ್ದ ಪ್ಲ್ಯಾನಾದ್ರೆ ನೀವು ಕೊಡ್ಬೇಕಾದ್ದು ಉಳಿದ 30ಕ್ಕೆ ಮಾತ್ರ. ಅದಕ್ಕೆ 6,000 ಹೇಗಾಯ್ತು ಅಂತ ಲೆಕ್ಕ ಕೇಳಿ. ಹೋಗಿ ಬರುವ ಲೆಕ್ಕ ಕಾಗದದಲ್ಲಿ ಬರೆದೇ ಇಲ್ಲಾಂದ್ರೆ ಅದನ್ನು ದಾರಿಯಲ್ಲಿ ಹುಟ್ಟಿಸ್ಲಿಕ್ಕೆ ಅವರಿಗೆ ಹಕ್ಕಿಲ್ಲ.

ಆಮೇಲೆ ರಶೀದಿ ನೋಡಿ, ದುಡ್ಡು ಯಾರ ಹೆಸರಿಗೆ ಹೋಗಿದೆ? ದೂರು ಎಲ್ಲಿಗೆ ಕೊಡ್ಬೇಕು ಅನ್ನೋದು ಇದ್ರಲ್ಲೇ ಗೊತ್ತಾಗ್ತದೆ, ತುಂಬ ಜನ ಎಡವುದು ಇಲ್ಲೇ. ಇನ್ಶೂರೆನ್ಸ್ ಪಾಲಿಸಿಯ ಜೊತೆ ಆ್ಯಡ್-ಆನ್ ಆಗಿ ಸೇರಿದ್ದಾದ್ರೆ ಮೊದ್ಲು ಆ ಇನ್ಶೂರೆನ್ಸ್ ಕಂಪನಿಯ ದೂರು ವಿಭಾಗಕ್ಕೆ ಮೇಲ್ ಹಾಕಿ. ಒಂದು ತಿಂಗಳಲ್ಲಿ ಉತ್ತರ ಬರ್ಲಿಲ್ಲ, ಬಂದದ್ದು ಸರಿ ಇಲ್ಲಾಂದ್ರೆ ಬೆಂಗಳೂರಲ್ಲಿರುವ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ (ಇನ್ಶೂರೆನ್ಸ್ ದೂರು ವಿಚಾರಿಸುವ ಅಧಿಕಾರಿ) ಹೋಗ್ಬಹುದು, ಖರ್ಚಿಲ್ಲ. ದೂರು ಕೊಡ್ಲಿಕ್ಕೆ ಇನ್ಶೂರೆನ್ಸ್ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಉಂಟು, 155255 ನಂಬರೂ ಉಂಟು. ಶೋರೂಮ್‌ನವರು ಬೇರೆ ಯಾವ್ದೋ ಕಂಪನಿಯ ಪ್ಲ್ಯಾನ್ ಮಾರಿದ್ದಾದ್ರೆ ಅದು ಇನ್ಶೂರೆನ್ಸ್ ಅಲ್ಲ, ಓಂಬುಡ್ಸ್‌ಮನ್ ತಗೊಳ್ಳುದಿಲ್ಲ. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅಲ್ಲೂ ಆಗ್ಲಿಲ್ಲಾಂದ್ರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ನೀವಿರುವ ಊರಲ್ಲೇ ಕೇಸ್ ಹಾಕ್ಬಹುದು, ನಿಮಗೆ ಉಡುಪಿಯಲ್ಲೇ ಆಗ್ತದೆ, ಕಂಪನಿ ಇರುವ ಊರಿಗೆ ಓಡ್ಬೇಕಂತ ಇಲ್ಲ. ನೀವು ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, 2 ವರ್ಷದೊಳಗೆ ಹಾಕ್ಬೇಕು.

ಕಾಲ್ ಲಾಗ್, ಅವರ ಮೆಸೇಜ್, ಕೇಸ್ ನಂಬರ್, ಡ್ರೈವರ್‌ಗೆ ಯುಪಿಐ ಮಾಡಿದ ದಾಖಲೆ ಯಾವ್ದನ್ನೂ ಡಿಲೀಟ್ ಮಾಡ್ಬೇಡಿ.

ಪ್ರಶ್ನೆ: ನನ್ನದು ಎಲೆಕ್ಟ್ರಿಕ್ ಕಾರು, ಸುರತ್ಕಲ್ ಹತ್ರ ಆಫ್ ಆಯ್ತು. ಬಂದವರು ಹಗ್ಗ ಕಟ್ಟಿ ಎಳೀತೇವೆ ಅಂದ್ರು, ನಾನು ಬೇಡ ಅಂದದ್ದಕ್ಕೆ ಹಾಗೇ ಬಿಟ್ಟು ಹೋದ್ರು. ಪ್ಲ್ಯಾನಿನ ಒಂದು ಸರ್ವಿಸ್ ಮುಗೀತು ಅಂತ ಮೆಸೇಜ್ ಬೇರೆ ಬಂತು.
– ಮೂಲ್ಕಿಯ ಓದುಗರು

ಉತ್ತರ: ನೀವು ಮಾಡಿದ್ದು ಪೂರಾ ಸರಿ ಅಮ್ಮ. ಇವಿಯ ಡ್ರೈವ್ ಚಕ್ರ ನೆಲದಲ್ಲಿ ಉರುಳಿದ್ರೆ ಮೋಟಾರೂ ತಿರುಗ್ತದೆ, ತಿರುಗಿದ್ರೆ ಕರೆಂಟ್ ಹುಟ್ತದೆ, ಒಳಗಿನ ಎಲೆಕ್ಟ್ರಾನಿಕ್ಸ್ ಹೋಗ್ಬಹುದು. ಪೂರ್ತಿ ಗಾಡಿ ಮೇಲೆ ಹತ್ತಿಸುವ ಫ್ಲ್ಯಾಟ್‌ಬೆಡ್ಡೇ ಬೇಕು. ಆಟೊಮ್ಯಾಟಿಕ್ ಗೇರಿನ ಕಾರಿಗೂ ಸಾಧಾರಣ ಇದೇ ಮಾತು, ಎಂಜಿನ್ ಆಫ್ ಇರುವಾಗ ಗೇರ್‌ಬಾಕ್ಸಿಗೆ ಆಯಿಲ್ ಸರಿಯಾಗಿ ಹೋಗುದಿಲ್ಲ. ಹಗ್ಗ ತಂದವರು ಸರ್ವಿಸ್ ಕೊಟ್ಟ ಹಾಗೆ ಆಗ್ಲಿಲ್ಲ, ಆ ಎಂಟ್ರಿ ತೆಗೀರಿ ಅಂತ ಮೇಲ್ ಹಾಕಿ, ಜೊತೆಗೆ ಕಾರಿನ ಮ್ಯಾನುವಲ್‌ನಲ್ಲಿ ಟೋಯಿಂಗ್ ಬಗ್ಗೆ ಬರೆದ ಪುಟದ ಫೋಟೋ ಇಡಿ. ಮುಂದೆ ಫೋನ್ ಮಾಡುವಾಗ ಮೊದಲ ಮಾತಲ್ಲೇ ಇವಿ ಅಂತ ಹೇಳಿ, ಫ್ಲ್ಯಾಟ್‌ಬೆಡ್ ಅಂತ ಅವರ ಮೆಸೇಜಿನಲ್ಲಿ ಬರೆಸ್ಕೊಳ್ಳಿ.

ಪ್ರಶ್ನೆ: 1033ಕ್ಕೆ ಮಾಡಿದ್ರೆ ಹೆದ್ದಾರಿಯ ಕ್ರೇನ್ ಫ್ರೀ ಬರ್ತದಂತೆ, ಹೌದಾ? ಹಾಗಾದ್ರೆ ಪ್ಲ್ಯಾನ್ ಯಾಕೆ?
– ಪಡುಬಿದ್ರಿಯ ಓದುಗರು

ಉತ್ತರ: ಹೌದು, ಅದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗಾಡಿ ನಿಂತ್ರೆ ನಾನಾದ್ರೆ ಮೊದ್ಲು ಅದಕ್ಕೇ ಮಾಡ್ತೇನೆ. ಆದ್ರೆ ಅವರ ಕೆಲಸ ಗಾಡಿಯನ್ನು ರಸ್ತೆಯಿಂದ ತೆಗೆದು ಹತ್ರದ ಸುರಕ್ಷಿತ ಜಾಗಕ್ಕೆ ಸೇರಿಸುದು, ನಿಮ್ಮ ಗ್ಯಾರೇಜಿಗೆ ಬಿಡುದಲ್ಲ. ನಿಮ್ಮಲ್ಲಿಂದ ಕಾರ್ಕಳಕ್ಕೆ ಹೋಗುವ ರಸ್ತೆ ರಾಜ್ಯ ಹೆದ್ದಾರಿ, ಅಲ್ಲಿಗೆ 1033 ಬರುದಿಲ್ಲ. ಊರಿನ ಕ್ರೇನ್‌ನವರ ನಂಬರ್ ಒಂದೆರಡು ಫೋನಲ್ಲಿ ಇಟ್ಕೊಳ್ಳಿ.

ಪ್ರಶ್ನೆ: ಪಂಪ್‌ವೆಲ್‌ನಲ್ಲಿ ನೀರಿಗೆ ಸಿಕ್ಕಿ ಎಂಜಿನ್ ಆಫ್ ಆದ್ರೆ ರಿಪೇರಿ ಖರ್ಚು ಅಸಿಸ್ಟೆನ್ಸ್ ಪ್ಲ್ಯಾನಲ್ಲಿ ಬರ್ತದಾ?
– ಮಂಗಳೂರಿನ ಓದುಗರು

ಉತ್ತರ: ಇಲ್ಲ. ಅದು ಗ್ಯಾರೇಜಿನ ತನಕ ಮಾತ್ರ. ಎಂಜಿನ್ನಿಗೆ ನೀರು ಹೋದ ನಷ್ಟಕ್ಕೆ ಎಂಜಿನ್ ಪ್ರೊಟೆಕ್ಟ್ ಅಂತ ಬೇರೆಯೇ ಆ್ಯಡ್-ಆನ್ ಉಂಟು, ಪಾಲಿಸಿ ರಿನ್ಯೂ ಮಾಡುವಾಗ ಕೇಳಿ. ನೀರಲ್ಲಿ ಆಫ್ ಆದ ಗಾಡಿಯನ್ನು ದಯವಿಟ್ಟು ಮತ್ತೆ ಸ್ಟಾರ್ಟ್ ಮಾಡ್ಬೇಡಿ, ಸಿಲಿಂಡರ್ ಒಳಗೆ ನೀರಿದ್ರೆ ಕನೆಕ್ಟಿಂಗ್ ರಾಡ್ ಬಗ್ತದೆ. ನೀರು ಎಲ್ಲಿವರೆಗೆ ಬಂದಿತ್ತು ಅಂತ ಕಾಣುವ ಹಾಗೆ ಫೋಟೋ ತೆಗೆದು, ತಳ್ಳಿ ಬದಿಗೆ ಹಾಕಿ, ಆಮೇಲೆ ಫೋನ್ ಮಾಡಿ.