ಅವ್ವನ ಮೊಣಕಾಲು ನೋವಿಗೆ ಅಕ್ಯುಪಂಕ್ಚರ್ ಮಾಡಿಸಬಹುದೇ?

ಅವ್ವನ ಮೊಣಕಾಲು ಸವೆದಿದೆ, ಹುಬ್ಬಳ್ಳಿಯಲ್ಲಿ ಒಬ್ಬರು ಸೂಜಿ ಚುಚ್ಚಿ ವಾಸಿ ಮಾಡುತ್ತಾರಂತೆ, 5,000 ವರ್ಷದ ವಿದ್ಯೆಯಂತೆ, ನಂಬಬಹುದಾ ಅಂತ ಕೇಳಿದ್ದೀರಿ. ಅವರಿಗೆ ಸ್ವಲ್ಪ ದಿನ ಆರಾಮ ಅನ್ನಿಸಬಹುದು. ಸವೆದ ಕೀಲು ಮಾತ್ರ ಸೂಜಿಯಿಂದ ಸರಿಯಾಗುವುದಿಲ್ಲ.

ಮೊಣಕಾಲು ಸವೆತದ ಮೇಲೆಯೇ ಜರ್ಮನಿಯಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಫಲಿತಾಂಶ ಬಂದದ್ದು 2006ರಲ್ಲಿ. ಸುಮಾರು 1,000 ರೋಗಿಗಳು. ಕೆಲವರಿಗೆ ಚೀನೀ ಪದ್ಧತಿ ಹೇಳುವ ಜಾಗದಲ್ಲೇ ಚುಚ್ಚಿದರು. ಕೆಲವರಿಗೆ ಬೇಕಂತಲೇ ಬೇರೆ ಜಾಗದಲ್ಲಿ, ಮೇಲೆ ಮೇಲೆ ಚುಚ್ಚಿದರು. ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಆರು ತಿಂಗಳ ಮೇಲೆ ನೋಡಿದಾಗ ಚೆನ್ನಾಗಿ ಸುಧಾರಿಸಿದವರು ಮೊದಲ ಗುಂಪಿನಲ್ಲಿ ಶೇ. 53, ಎರಡನೆಯದರಲ್ಲಿ ಶೇ. 51, ಮೂರನೆಯದರಲ್ಲಿ ಶೇ. 29. ಸೂಜಿ ಹಾಕುವವರು ಮೂರನೆಯ ಅಂಕಿ ತೋರಿಸಿ, ನೋಡಿ ಎಷ್ಟು ಫರಕು ಅನ್ನುತ್ತಾರೆ. ಆದರೆ ತಮಗೆ ಸೂಜಿ ಹಾಕಿಲ್ಲ ಅಂತ ಆ ಮೂರನೆಯವರಿಗೆ ಗೊತ್ತಿತ್ತು. ಮೊದಲೆರಡು ಅಂಕಿ ನೋಡಿ. ಎಲ್ಲಿ ಚುಚ್ಚಿದರೂ ಅಷ್ಟೇ ಗುಣ ಅಂದ ಮೇಲೆ ಆ ಬಿಂದುಗಳ ನಕ್ಷೆ, ಮೈಯಲ್ಲಿ ಹರಿಯುವ ‘ಚೀ’ ಶಕ್ತಿ ಯಾಕೆ ಬೇಕು?

ಮಲಗಿಸಿ, ಪಕ್ಕದಲ್ಲಿ ಕೂತು, ಎಲ್ಲಿ ನೋವು ಅಂತ ಸಮಾಧಾನದಿಂದ ಕೇಳಿದರೆ ನೋವು ನಿಜವಾಗಿಯೂ ತಗ್ಗುತ್ತದೆ. ದೊಡ್ಡಾಸ್ಪತ್ರೆಯಲ್ಲಿ ಪಾಳಿ ಹಚ್ಚಿ ನಿಂತು ಎರಡು ನಿಮಿಷಕ್ಕೆ ಹೊರಗೆ ಬರುವ ನಮ್ಮ ಅವ್ವಂದಿರು ಸೂಜಿಯ ಕಡೆ ಹೋಗುವುದರಲ್ಲಿ ತಪ್ಪೇನಿಲ್ಲ.

5,000 ವರ್ಷದ ಮಾತು. ಇದನ್ನು ವಿವರಿಸುವ ಚೀನಾದ ಹಳೆಯ ವೈದ್ಯಗ್ರಂಥಕ್ಕೇ ಸುಮಾರು 2,000 ವರ್ಷ. 1822ರಲ್ಲಿ ಅಲ್ಲಿನ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಇದನ್ನು ತೆಗೆಸಿದ. ಈಗಿನ ತೆಳು ಸೂಜಿ, ರಕ್ತನಾಳ ತಪ್ಪಿಸಿ ಗುರುತಿಸಿದ ಬಿಂದುಗಳು ಬಹುಪಾಲು 1930ರ ಸುಮಾರಿಗೆ ಚೆಂಗ್ ದಾನ್‌ಆನ್ ಎಂಬ ವೈದ್ಯರು ತಿದ್ದಿದ ರೂಪ. 1950ರ ದಶಕದಲ್ಲಿ ಮಾವೋ ಸರ್ಕಾರ ಅದನ್ನು ಎತ್ತಿ ಹಿಡಿಯಿತು.

ನಮ್ಮ ಕಡೆ ಇದು ಬೇಗ ಒಗ್ಗಿತು. ವಾತ, ನಾಡಿ ನಮಗೆ ಮನೆಮಾತು. ನೋವಿಗೆ ಬರೆ ಹಾಕಿಸಿಕೊಂಡ ಅಜ್ಜಂದಿರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಈಗ ವಾಟ್ಸಾಪ್‌ನಲ್ಲಿ ಕಾಲುಂಗುರ, ಮೂಗುಬೊಟ್ಟು, ಕಿವಿ ಚುಚ್ಚುವುದು ಎಲ್ಲವೂ ಅಕ್ಯುಪಂಕ್ಚರ್ ಬಿಂದುಗಳೇ ಅಂತ ಬರುತ್ತದೆ. ಓದಿದಾಗೆಲ್ಲ ನನಗೆ ಬೇಸರವಾಗುತ್ತದೆ. ನಮ್ಮ ಅಜ್ಜಿ ಮೂಗುಬೊಟ್ಟು ಇಟ್ಟುಕೊಂಡದ್ದು ಚೆಂದಕ್ಕೆ, ಮುತ್ತೈದೆತನಕ್ಕೆ. ಅಷ್ಟು ಸಾಕಲ್ವಾ?

ಮೊದಲು ಎಲುಬಿನ ಡಾಕ್ಟರಿಗೆ ತೋರಿಸಿ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿಸಿ, ಬಿಡದೆ ಮಾಡಿಸಿ. ತೂಕ ಜಾಸ್ತಿ ಇದ್ದರೆ ಇಳಿಸಲಿ. ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದರೆ ಅದನ್ನು ಕಟ್ಟೆಯ ಮೇಲಕ್ಕೆ ತನ್ನಿ. ಇಷ್ಟಾದರೂ ಅವ್ವ ಸೂಜಿ ಬೇಕೇ ಬೇಕು ಅಂದರೆ, ಹೊಸ ಸೂಜಿಯ ಪಾಕೀಟು ನಿಮ್ಮೆದುರೇ ಒಡೆಯಲಿ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಬಿಪಿ, ಶುಗರ್ ಗುಳಿಗೆ ನಿಲ್ಲಿಸಿ ಅಂದರೆ ಅವ್ವನನ್ನು ಕರೆದುಕೊಂಡು ಎದ್ದು ಬನ್ನಿ.