ಮೆಫೀಬೋಶೆತ: ಆ ಹೆಸರಿನಲ್ಲಿರುವ ನಾಚಿಕೆ ಯಾರದು?

ಪ್ರಶ್ನೆ: ಕಳೆದ ಭಾನುವಾರ ಚರ್ಚಿನಲ್ಲಿ 2 ಸಮುವೇಲ 9ನೇ ಅಧ್ಯಾಯ ಓದುವ ಸರದಿ ನನ್ನದಾಗಿತ್ತು. ಮೆಫೀಬೋಶೆತ ಎಂಬ ಹೆಸರು ಬಂದಾಗಲೆಲ್ಲ ನಾಲಿಗೆ ತೊಡರಿತು. ಅದರ ಅರ್ಥ ‘ನಾಚಿಕೆ’, ಅವನ ಕಾಲು ಊನವಾಗಿದ್ದರಿಂದ ಆ ಹೆಸರು ಬಂತು ಎಂದು ಹಿರಿಯರೊಬ್ಬರು ಹೇಳಿದರು. ಯೋನಾತಾನನಂಥ ತಂದೆ ಮಗನಿಗೆ ಅಂಥ ಹೆಸರಿಡುತ್ತಾನೆಯೇ? ದೃಷ್ಟಿ ತಾಗದಿರಲೆಂದು ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ತಿಪ್ಪ, ಕಲ್ಲ ಎಂದು ಹೆಸರಿಡುತ್ತಿದ್ದ ಹಾಗೆಯೇ ಇದೂ?
– ಓದುಗರೊಬ್ಬರು, ಉಡುಪಿ

ಉತ್ತರ: ಇಡುವುದಿಲ್ಲ. ಇಟ್ಟೂ ಇಲ್ಲ. ನಿಮ್ಮ ಅನುಮಾನ ಸರಿಯಾಗಿದೆ.

ಕಾಲಿನ ಮಾತನ್ನು ಮೊದಲು ಮುಗಿಸಿಬಿಡೋಣ. ಇಸ್ರೇಲಿನ ಮೊದಲ ರಾಜ ಸೌಲನೂ ಅವನ ಮಗ ಯೋನಾತಾನನೂ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ ಹುಡುಗನಿಗೆ ಐದು ವರ್ಷ. ದಾದಿ ಗಾಬರಿಯಿಂದ ಅವನನ್ನು ಎತ್ತಿಕೊಂಡು ಓಡಿದಳು, ಅವಸರದಲ್ಲಿ ಅವನು ಬಿದ್ದು ಎರಡೂ ಕಾಲು ಊನವಾದವು (2 ಸಮುವೇಲ 4:4). ಹುಟ್ಟಿದಾಗ ಇಟ್ಟ ಹೆಸರಿಗೆ ಐದು ವರ್ಷದ ಮೇಲೆ ಆದ ಅಪಘಾತ ಕಾರಣವಾಗಲಾರದು. ಚರ್ಚಿನ ಪ್ರಸಂಗಗಳಲ್ಲಿ ಈ ನಂಟು ಪದೇಪದೇ ಕೇಳಿಬರುತ್ತದೆ. ಕಥೆಗೆ ಚೆನ್ನಾಗಿ ಹೊಂದುತ್ತದೆ ಎಂಬುದನ್ನು ಬಿಟ್ಟರೆ ಅದಕ್ಕೆ ಆಧಾರವಿಲ್ಲ.

ಈಗ 1 ಪೂರ್ವಕಾಲವೃತ್ತಾಂತ 8:34 ತೆರೆಯಿರಿ. ಅಲ್ಲಿ ಯೋನಾತಾನನ ಮಗನ ಹೆಸರು ಮೆರೀಬ್ಬಾಳ. ಅವನ ಮಗ ಮೀಕ. ಸಮುವೇಲನ ಗ್ರಂಥದಲ್ಲಿ ಮೆಫೀಬೋಶೆತನ ಮಗನ ಹೆಸರೂ ಮೀಕನೇ, ಆದ್ದರಿಂದ ಇಬ್ಬರೂ ಒಬ್ಬನೇ. ಅವನ ಚಿಕ್ಕಪ್ಪನಿಗೂ ಇದೇ ಆಗಿದೆ: ಒಂದು ಕಡೆ ಈಷ್ಬೋಶೆತ, ಇನ್ನೊಂದು ಕಡೆ ಎಷ್ಬಾಳ. ರಾಜರಿಗಿಂತ ಹಿಂದಿನ ಕಾಲದ ನಾಯಕ ಗಿದ್ಯೋನನ ಇನ್ನೊಂದು ಹೆಸರಾದ ಯೆರುಬ್ಬಾಳ ಎಂಬುದು 2 ಸಮುವೇಲ 11:21ರ ಹೀಬ್ರೂ ಮೂಲದಲ್ಲಿ ಯೆರುಬ್ಬೆಶೆತ ಆಗಿದೆ. ಮೂರು ಹೆಸರು, ಮೂರರಲ್ಲೂ ಒಂದೇ ರೀತಿಯ ಬದಲಾವಣೆ. ಇದು ಕೈತಪ್ಪಿನಿಂದ ಆದದ್ದಲ್ಲ, ಯಾರೋ ಬೇಕೆಂದೇ ಮಾಡಿದ್ದು.

ಹೀಬ್ರೂವಿನಲ್ಲಿ ಸ್ವರಗಳನ್ನು ಬಿಟ್ಟು ವ್ಯಂಜನಗಳನ್ನಷ್ಟೇ ಬರೆಯುತ್ತಿದ್ದರು. ಕಾನಾನ್ಯರ ದೇವರ ಹೆಸರಾದ ‘ಬಾಳ್’ ಮೂರಕ್ಷರದ ಪದ: ಬೇತ್, ಅಯಿನ್, ಲಾಮೆದ್. ‘ನಾಚಿಕೆ’ ಎಂಬ ಅರ್ಥದ ‘ಬೋಶೆತ್’ ಕೂಡ ಮೂರಕ್ಷರದ್ದೇ: ಬೇತ್, ಶಿನ್, ತಾವ್. ನಕಲು ಮಾಡುವವನು ಮೊದಲಕ್ಷರವನ್ನು ಹಾಗೆಯೇ ಉಳಿಸಿಕೊಂಡು ಮುಂದಿನ ಎರಡನ್ನು ಬದಲಿಸಿದರೆ ದೇವರ ಹೆಸರಿದ್ದ ಜಾಗದಲ್ಲಿ ‘ನಾಚಿಕೆ’ ಕುಳಿತಿತು. (ಕನ್ನಡ ಬೈಬಲಿನ ‘ಬಾಳ್’ ಎಂಬ ಬರಹ ನೋಡಿ ನಮ್ಮ ಬಾಳು, ಬದುಕು ನೆನಪಾಗುವುದು ಸಹಜ. ಎರಡಕ್ಕೂ ಯಾವ ಸಂಬಂಧವೂ ಇಲ್ಲ.)

ಹಾಗಾದರೆ ಯೋನಾತಾನ ಮಗನಿಗೆ ಅನ್ಯದೇವರ ಹೆಸರಿಟ್ಟನೇ ಎಂದು ನೀವು ಕೇಳುತ್ತೀರಿ. ನನಗೆ ಹಾಗೆ ಕಾಣುವುದಿಲ್ಲ. ಬಾಳ್ ಎಂದರೆ ಒಡೆಯ, ಯಜಮಾನ. ಇಂದಿನ ಹೀಬ್ರೂವಿನಲ್ಲಿಯೂ ಗಂಡನನ್ನು ಆ ಪದದಿಂದಲೇ ಕರೆಯುತ್ತಾರೆ. ನಮ್ಮಲ್ಲಿ ಹೆಂಡತಿ ‘ಯಜಮಾನರು’ ಎನ್ನುವುದಿಲ್ಲವೇ, ಹಾಗೆ. ಸೌಲನ ನಂತರ ರಾಜನಾದ ದಾವೀದನ ಕಾಲದಲ್ಲಿ ಇಸ್ರೇಲಿನ ದೇವರಾದ ಯೆಹೋವನನ್ನೂ ಒಡೆಯನೆಂದು ಈ ಪದದಲ್ಲಿ ಕರೆಯುವುದಕ್ಕೆ ಯಾರೂ ಅಂಜಿದಂತಿಲ್ಲ. ದಾವೀದನ ಪಕ್ಷ ಸೇರಿದ ವೀರರಲ್ಲಿ ಬೆಯಲ್ಯ ಎಂಬವನಿದ್ದಾನೆ (1 ಪೂರ್ವಕಾಲವೃತ್ತಾಂತ 12:5). ಆ ಹೆಸರನ್ನು ಬಿಡಿಸಿದರೆ ‘ಯೆಹೋವನೇ ಬಾಳ್’, ಅಂದರೆ ಯೆಹೋವನೇ ಒಡೆಯ! ಸ್ವತಃ ದಾವೀದನ ಒಬ್ಬ ಮಗ ಒಂದು ಪಟ್ಟಿಯಲ್ಲಿ ಬೆಲ್ಯಾದ, ಇನ್ನೊಂದರಲ್ಲಿ ಎಲ್ಯಾದ. ಮೆರೀಬ್ಬಾಳನ ಮನೆಯನ್ನೇ ನೋಡಿ: ತಂದೆ ಯೋನಾತಾನ ಎಂದರೆ ‘ಯೆಹೋವ ಕೊಟ್ಟನು’, ಮಗ ಮೀಕ ಎಂದರೆ ‘ಯೆಹೋವನಿಗೆ ಸಮಾನರು ಯಾರು’ ಎಂಬುದರ ಸಂಕ್ಷಿಪ್ತ ರೂಪ. ನಡುವಿನ ತಲೆಮಾರು ಮಾತ್ರ ಬೇರೆ ದೇವರಿಗೆ ನಡೆದುಕೊಂಡಿತು ಎಂದು ನಂಬುವುದು ಕಷ್ಟ.

ಇಂಥ ಹೆಸರುಗಳು ಆಗ ಬಳಕೆಯಲ್ಲಿದ್ದವು ಎಂಬುದಕ್ಕೆ ಮಣ್ಣಿನ ಸಾಕ್ಷಿಯೂ ಇದೆ. ಜೆರುಸಲೇಮಿನ ನೈರುತ್ಯಕ್ಕೆ, ಏಲಾ ಕಣಿವೆಯ ಅಂಚಿನಲ್ಲಿರುವ ಖಿರ್ಬೆತ್ ಕೆಯಾಫಾದಲ್ಲಿ 2012ರಲ್ಲಿ ಒಂದು ಹರವಿಯ ಚೂರುಗಳು ಸಿಕ್ಕವು. ಅವನ್ನು ಜೋಡಿಸಿದಾಗ ಓದಲು ದೊರೆತದ್ದು ‘ಎಷ್ಬಾಳ’ ಎಂಬ ಹೆಸರು. ಸುಮಾರು 3000 ವರ್ಷಗಳ ಹಿಂದೆ, ಹರವಿಯನ್ನು ಸುಡುವ ಮೊದಲೇ ಹಸಿ ಮಣ್ಣಿನಲ್ಲಿ ಗೀರಿದ ಅಕ್ಷರಗಳವು. ಇವನು ಸೌಲನ ಮಗನಲ್ಲ, ತಂದೆಯ ಹೆಸರು ಬೇರೆ. ಆದರೆ ಹೆಸರು ಅದೇ, ಕಾಲವೂ ಹೆಚ್ಚುಕಡಿಮೆ ಅದೇ.

ಆಮೇಲೆ ಗಾಳಿ ಬದಲಾಯಿತು. ಕ್ರಿ.ಪೂ. 9ನೇ ಶತಮಾನದಲ್ಲಿ ಇಸ್ರೇಲಿನ ರಾಜ ಅಹಾಬ ಮತ್ತು ರಾಣಿ ಈಜೆಬೆಲರ ಆಳ್ವಿಕೆಯಲ್ಲಿ ಬಾಳನ ಪೂಜೆ ಅರಮನೆಯ ಆಶ್ರಯ ಪಡೆಯಿತು, ಪ್ರವಾದಿಗಳು ಅದರ ವಿರುದ್ಧ ನಿಂತರು. ಇನ್ನು ಮುಂದೆ ನನ್ನನ್ನು ‘ಬಾಳೀ’ ಎನ್ನದೆ ‘ಈಶೀ’ ಎನ್ನುವಿ ಎಂದು ಪ್ರವಾದಿ ಹೋಶೇಯನ ಬಾಯಲ್ಲಿ ಯೆಹೋವ ನುಡಿಯುತ್ತಾನೆ. ಎರಡೂ ಗಂಡನನ್ನು ಕರೆಯುವ ಮಾತುಗಳೇ, ಆದರೆ ಮೊದಲನೆಯದು ಮೈಲಿಗೆಯಾಗಿಹೋಗಿತ್ತು. ಯೆರೆಮೀಯ 11:13ರಲ್ಲಿ ‘ನಾಚಿಕೆ’ಗೆ ಕಟ್ಟಿದ ಬಲಿಪೀಠಗಳೂ ಬಾಳನಿಗೆ ಧೂಪಹಾಕುವ ಬಲಿಪೀಠಗಳೂ ಅಕ್ಕಪಕ್ಕದಲ್ಲೇ ಬರುತ್ತವೆ. ಆ ಹೊತ್ತಿಗೆ ಒಂದು ಇನ್ನೊಂದರ ಬೈಗುಳಾಗಿತ್ತು. ಹಳೆಯ ರಾಜಕುಮಾರರ ಹೆಸರುಗಳು ಅದಕ್ಕೆ ಸಿಕ್ಕಿಕೊಂಡವು. ಬೋಶೆತ್ ಎಂದರೆ ನಾಚಿಕೆಯಲ್ಲ, ಘನತೆ ಎಂಬ ಅರ್ಥದ, ಪುರಾತನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯ ಪದ ‘ಬಾಶ್ತು’ವಿಗೆ ಅದು ನಂಟು ಎನ್ನುವ ವಿದ್ವಾಂಸರೂ ಇದ್ದಾರೆ. ಮೂರು ಹೆಸರುಗಳಲ್ಲೂ ಬೋಶೆತ್ ಕುಳಿತಿರುವುದು ಬಾಳ್ ಇದ್ದ ಜಾಗದಲ್ಲೇ ಆದ್ದರಿಂದ ನನಗೆ ಆ ವಾದ ಅಷ್ಟಾಗಿ ಒಪ್ಪಿಗೆಯಾಗಿಲ್ಲ.

ಹೆಸರಿನ ಮೊದಲ ಭಾಗದ ಬಗ್ಗೆ ಒಮ್ಮತವಿಲ್ಲ. ‘ಬಾಯಿಂದ’ ಎಂದು ಕೆಲವರು, ‘ಚದರಿಸುವವನು’ ಎಂದು ಕೆಲವರು. ಮೆರೀಬ್ ಎಂಬುದಕ್ಕೆ ಮಾತ್ರ ‘ವಾದಿಸು, ಹೋರಾಡು’ ಎಂಬ ಧಾತು ಹೊಂದುತ್ತದೆ. ‘ಒಡೆಯ ಪರವಾಗಿ ವಾದಿಸುತ್ತಾನೆ’ ಎಂಬಂಥ ಅರ್ಥ ಕೊಡಬಹುದು.

ನಿಮ್ಮ ತಿಪ್ಪ, ಕಲ್ಲರ ಹೋಲಿಕೆ ಚೆನ್ನಾಗಿದೆ, ಆದರೆ ಇಲ್ಲಿ ಸಲ್ಲುವುದಿಲ್ಲ. ತಿಪ್ಪ ಎಂದು ಕರೆಯುವವಳು ಮಗು ಉಳಿಯಲಿ ಎಂದು ಹಂಬಲಿಸುವ ತಾಯಿ. ಬೋಶೆತ್ ಎಂದು ಬರೆದವನಿಗೆ ಆ ಮಗು ಯಾರೋ, ಅದು ಸತ್ತು ಎಷ್ಟೋ ಕಾಲವಾಗಿತ್ತು.

9ನೇ ಅಧ್ಯಾಯದ 6ನೇ ವಚನದಲ್ಲಿ ದಾವೀದ ಅವನನ್ನು ಹೆಸರು ಹಿಡಿದು ಕರೆಯುತ್ತಾನೆ. ಪ್ರಾಣಸ್ನೇಹಿತನ ಮಗನನ್ನು ಅವನು ‘ಮೆರೀಬ್ಬಾಳ’ ಎಂದೇ ಕರೆದಿರಬೇಕು. ಆದರೂ ಮುಂದಿನ ಸಲ ಚರ್ಚಿನಲ್ಲಿ ಪುಟದಲ್ಲಿರುವಂತೆಯೇ ಓದಿ: ಮೆಫೀ ಎಂದು ಎಳೆದು, ಕ್ಷಣ ತಡೆದು, ಬೋಶೆತ ಎನ್ನಿ. ನಾಲಿಗೆ ತೊಡರುವುದಿಲ್ಲ.